ತೆಳುಗಾಳಿಯಲ್ಲಿ ಹದಿಮೂರು ಮೈಲಿ

ಬಯಲಿನಲ್ಲಿ ಹುಟ್ಟಿ ಬೆಳೆದವನಿಗೆ ಗಾಳಿಯೆಂಬುದೂ ಒಂದು ಪದಾರ್ಥವೆಂಬ ಅರಿವು ಇರುವುದಿಲ್ಲ. ನೆಲಕ್ಕೆ ಕಂದಾಯವುಂಟು, ನೀರಿಗೆ ತೆರಿಗೆಯುಂಟು. ಗಾಳಿಗೆ ಲೆಕ್ಕವೆಲ್ಲಿ ಬಂತು? ಅದು ಇದೆ, ನಾವು ಉಸಿರಾಡುತ್ತೇವೆ, ಅಷ್ಟೆ. ಆದರೆ ಗಾಳಿಯನ್ನು ಅಳೆದು ಸುರಿಯುವ ಊರುಗಳೂ ಈ ದೇಶದಲ್ಲಿವೆ. ಲಡಾಖಿನ ಲೇಹ್ ಅಂಥದೊಂದು. ಸಮುದ್ರಮಟ್ಟದಿಂದ ಅದರ ಎತ್ತರ ಸುಮಾರು 3,500 ಮೀಟರು. ನಮ್ಮ ಮುಳ್ಳಯ್ಯನಗಿರಿಯ ತಲೆಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿಯನ್ನು ನಿಲ್ಲಿಸಿದರೆ ಎಷ್ಟಾಗುವುದೋ ಅದಕ್ಕಿಂತ ತುಸು ಕಡಿಮೆ, ಅಷ್ಟೆ. ಅಂಥ ಕಡೆ ಜನ ಸಂಸಾರ ಮಾಡುತ್ತಾರೆ, ಬೇಸಾಯ ಮಾಡುತ್ತಾರೆ, ಮಕ್ಕಳನ್ನು ಶಾಲೆಗೆ ಕಳಿಸುತ್ತಾರೆ. ಅದು ಸಾಲದೆಂಬಂತೆ ವರ್ಷಕ್ಕೊಮ್ಮೆ ಓಡುತ್ತಾರೆ ಕೂಡ.

ಆ ಓಟದ ಹೆಸರು ಲಡಾಖ್ ಮ್ಯಾರಥಾನ್. 2012ರಲ್ಲಿ ಆರಂಭವಾಯಿತು, ನಡೆಯುವುದು ಸೆಪ್ಟೆಂಬರ್ ತಿಂಗಳಲ್ಲಿ, ಚಳಿಗಾಲ ಕದ ತಟ್ಟುವ ಮೊದಲು. ಖಾರ್ದುಂಗ್ ಲಾ ಎಂಬ ಮಹಾ ಘಾಟಿಯನ್ನು ದಾಟಿ 72 ಕಿಲೋಮೀಟರು ಓಡುವವರೂ ಅಲ್ಲಿಗೆ ಬರುತ್ತಾರೆ. ಆ ಭೀಮಸೇನರ ಪಂಕ್ತಿ ಬೇರೆ. ನನ್ನಂಥವರ ಎಲೆ ಹಾಕುವುದು ಅರ್ಧ ಮ್ಯಾರಥಾನಿನ ಪಂಕ್ತಿಯಲ್ಲಿ. ಅದರ ದೂರ 21.0975 ಕಿಲೋಮೀಟರು. ಈ ವಿಚಿತ್ರವಾದ ಚಿಲ್ಲರೆ ಎಲ್ಲಿಂದ ಬಂತೆಂದು ವಾಚಕರು ಕೇಳಬಹುದು. 1908ರ ಲಂಡನ್ ಒಲಿಂಪಿಕ್ ಪಂದ್ಯದಲ್ಲಿ ಓಟವನ್ನು ವಿಂಡ್ಸರ್ ಅರಮನೆಯಲ್ಲಿ ಆರಂಭಿಸಿ, ಕ್ರೀಡಾಂಗಣದಲ್ಲಿ ರಾಜಮನೆತನದವರು ಕುಳಿತ ಜಾಗದ ಎದುರಿಗೆ ಮುಗಿಸಿದರು. ಆ ದಿನದ 42.195 ಕಿಲೋಮೀಟರೇ ಮುಂದೆ ಲೋಕಕ್ಕೆಲ್ಲ ಪ್ರಮಾಣವಾಯಿತು. ಅದನ್ನು ಎರಡಾಗಿ ಸೀಳಿದರೆ ನಮ್ಮ ಪಾಲು. ಯಾವ ಕಾಲದ್ದೋ ಯಾವ ಅರಮನೆಯದೋ ಅನುಕೂಲಕ್ಕಾಗಿ, ಬೆಂಗಳೂರಿನ ಗೃಹಸ್ಥನೊಬ್ಬ ಹಿಮಾಲಯದಲ್ಲಿ ಕೊನೆಯ ತೊಂಬತ್ತೇಳೂವರೆ ಮೀಟರು ಏದುಸಿರು ಬಿಡಬೇಕಾಗಿ ಬಂದುದು ಇತಿಹಾಸದ ಲೀಲೆಯಲ್ಲದೆ ಮತ್ತೇನು!

ನನಗೆ ಐವತ್ತೇಳು ವರ್ಷ. ಹತ್ತು ವರ್ಷಗಳಿಂದ ಲಾಲ್‌ಬಾಗಿನಲ್ಲಿ ಬೆಳಗಿನ ಹೊತ್ತು ಓಡುವ ಅಭ್ಯಾಸವಿದೆ. ನನ್ನ ಜೊತೆಗೆ ಹೊರಟವನು ನನ್ನ ಅಕ್ಕನ ಮಗ. ಇಪ್ಪತ್ತಾರರ ಹರೆಯ, ಬಿಲ್ಲಿನ ಹುರಿಯಂಥ ಮೈಕಟ್ಟು. ನಾನು ಎರಡು ಗಂಟೆ ಹತ್ತು ನಿಮಿಷಕ್ಕೆ ಮುಗಿಸುವ ದೂರವನ್ನು ಅವನು ಒಂದೂವರೆ ಗಂಟೆಯೊಳಗೆ ಮುಗಿಸಿ, ಎಳನೀರು ಕುಡಿದು, ನನ್ನ ದಾರಿ ಕಾಯುತ್ತ ಕೂತಿರುವುದು ವಾಡಿಕೆ. ಹೊರಡುವಾಗ ನನ್ನ ಅಕ್ಕ, “ನೀನು ಮುಂದೆ ಓಡಿಹೋಗಬೇಡ ಕಣೋ, ಮಾವನನ್ನು ನೋಡಿಕೋ” ಎಂದು ಅವನಿಗೆ ಹೇಳಿ ಕಳಿಸಿದ್ದಳು.

ದೆಹಲಿಯಿಂದ ಲೇಹ್‌ಗೆ ವಿಮಾನದಲ್ಲಿ ಒಂದೂ ಕಾಲು ಗಂಟೆಯ ದಾರಿ. ಅಷ್ಟರಲ್ಲಿ ಮನುಷ್ಯ ಸುಮಾರು 3,000 ಮೀಟರು ಮೇಲಕ್ಕೆ ಬಂದಿರುತ್ತಾನೆ. ಮೈ ಮಾತ್ರ ಇನ್ನೂ ದೆಹಲಿಯಲ್ಲೇ ಇರುತ್ತದೆ. ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಅಲ್ಲಿಯೂ ನೂರಕ್ಕೆ ಇಪ್ಪತ್ತೊಂದೇ. ಕಡಿಮೆಯಾಗುವುದು ಗಾಳಿಯ ಒತ್ತಡ. ಸಮುದ್ರಮಟ್ಟದಲ್ಲಿ ನೂರು ಪಾಲಿದ್ದುದು ಅಲ್ಲಿ ಸುಮಾರು ಅರವತ್ತೈದು. ಸೇರಿನ ಅಳತೆಯಲ್ಲಿ ಮೋಸವಿಲ್ಲ, ಆದರೆ ಸೇರೇ ಚಿಕ್ಕದು. ಇದಕ್ಕೆ ದೇಹ ತನ್ನದೇ ರೀತಿಯಲ್ಲಿ ಉತ್ತರ ಕೊಡುತ್ತದೆ. ಮೊದಲ ಗಂಟೆಗಳಲ್ಲಿಯೇ ಉಸಿರು ಹೆಚ್ಚುತ್ತದೆ. ಉಸಿರು ಹೆಚ್ಚಿದುದರಿಂದ ರಕ್ತದ ಕ್ಷಾರಗುಣ ಏರುತ್ತದೆ. ಅದನ್ನು ಸರಿಪಡಿಸಲು ಮೂತ್ರಪಿಂಡಗಳು ಹಗಲಿರುಳು ದುಡಿಯುತ್ತವೆ. ರಾತ್ರಿ ನಾಲ್ಕು ಸಲ ಏಳಬೇಕಾಗುವುದು ಇದರಿಂದಲೇ. ಹೊಸ ರಕ್ತಕಣಗಳನ್ನು ಹುಟ್ಟಿಸಿಕೊಳ್ಳಲು ವಾರಗಳೇ ಬೇಕು. ಓಡುವವರು ಕಡಿಮೆಯೆಂದರೂ ಒಂದು ವಾರ ಮೊದಲೇ ಬಂದಿರಬೇಕೆಂದು ಪಂದ್ಯದವರು ಒತ್ತಿ ಹೇಳುವುದರಲ್ಲಿ ಇಷ್ಟು ಅರ್ಥವಿದೆ. ಮೊದಲ ಎರಡು ದಿನ ಸುಮ್ಮನೆ ಮಲಗಿರಬೇಕು, ನೀರು ಕುಡಿಯುತ್ತಿರಬೇಕು, ಮಹಡಿಯ ಮೆಟ್ಟಿಲನ್ನು ಕೂಡ ವೃದ್ಧರಂತೆ ಹತ್ತಬೇಕು.

ಹರೆಯದವನಿಗೆ ಇದು ಹೇಗೆ ರುಚಿಸೀತು? ಎರಡನೆಯ ದಿನ ಬೆಳಗ್ಗೆ, ನಾನು ಕಂಬಳಿಯೊಳಗಿದ್ದಾಗ, ಅವನು ಬೂಟು ಕಟ್ಟಿ ಶಾಂತಿಸ್ತೂಪದ ಕಡೆಗೆ ಏರುದಾರಿಯಲ್ಲಿ ಮೂರು ಮೈಲಿ ಓಡಿ ಬಂದ. “ಏನೂ ಆಗಲಿಲ್ಲ ಮಾವ, ಸ್ವಲ್ಪ ಉಸಿರು ಕಟ್ಟಿತು, ಅಷ್ಟೆ” ಎಂದ. ಸಂಜೆಗೆ ತಲೆನೋವು ಹತ್ತಿತು. ರಾತ್ರಿ ಊಟ ಸೇರಲಿಲ್ಲ. ಹನ್ನೊಂದರ ಹೊತ್ತಿಗೆ ವಾಂತಿ. ಒಂದು ಗಂಟೆಗೆ ಅವನ ತುಟಿಯ ಬಣ್ಣ ಕಂಡು ನಾನು ಮನೆಯೊಡತಿಯನ್ನು ಎಬ್ಬಿಸಿದೆ. ಆಕೆ ಏನೊಂದೂ ಕೇಳದೆ, ಅವನ ಮುಖಕ್ಕೆ ದೀಪ ಹಿಡಿದು ನೋಡಿ, ತನ್ನ ಮಗನನ್ನು ವಾಹನ ತರಲು ಕಳುಹಿಸಿದಳು. ಬೆರಳಿಗೆ ಸಿಕ್ಕಿಸುವ ಪುಟ್ಟ ಯಂತ್ರ ಅವನ ರಕ್ತದಲ್ಲಿನ ಆಮ್ಲಜನಕ ನೂರಕ್ಕೆ ಎಪ್ಪತ್ತನಾಲ್ಕೆಂದು ತೋರಿಸಿತು. ವೈದ್ಯರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಆಲಿಸಿದರು. ಶ್ವಾಸಕೋಶದಲ್ಲಿ ನೀರು ಸೇರಿರಲಿಲ್ಲ. ಸೇರಿದ್ದರೆ ಆ ರಾತ್ರಿಯೇ ಕೆಳಗಿಳಿಸುವುದು ಬಿಟ್ಟು ಬೇರೆ ದಾರಿಯಿರಲಿಲ್ಲವೆಂದು ಆಮೇಲೆ ತಿಳಿಸಿದರು. ಆಗ ಹೇಳಲಿಲ್ಲ, ಅದೂ ಒಂದು ಉಪಕಾರ.

ಇಡೀ ರಾತ್ರಿ ಆಮ್ಲಜನಕ ಕೊಟ್ಟರು. ಅವನ ಮೂಗಿನ ಕೊಳವೆಯಲ್ಲಿ ಗಾಳಿ ಸುಯ್ಯೆನ್ನುವುದನ್ನು ಕೇಳುತ್ತ ನಾನು ಪಕ್ಕದಲ್ಲಿ ಕೂತಿದ್ದೆ. ನನಗಿಂತ ಮೂವತ್ತು ವರ್ಷ ಚಿಕ್ಕವನು, ನನ್ನ ಎರಡರಷ್ಟು ಬಲಶಾಲಿ. ಆದರೂ ಮಲಗಿದವನು ಅವನು, ಕಾದವನು ನಾನು. ಎತ್ತರದ ಬೇನೆಗೆ ದೇಹದಾರ್ಢ್ಯದ ಹಂಗಿಲ್ಲವೆಂದು ವೈದ್ಯರು ವಿವರಿಸಿದರು. ಓಟಗಾರನೆಂದೂ ರೋಗಿಯೆಂದೂ ಅದು ಎಣಿಸುವುದಿಲ್ಲ. ಎಷ್ಟು ಎತ್ತರಕ್ಕೆ ಎಷ್ಟು ಬೇಗ ಬಂದೆ, ಬಂದವನು ಎಷ್ಟು ವಿಶ್ರಮಿಸಿದೆ ಎಂಬುದನ್ನಷ್ಟೆ ಕೇಳುತ್ತದೆ. ಬೆಳಗಾಗುವ ಹೊತ್ತಿಗೆ ಸಂಖ್ಯೆ ಎಂಬತ್ತೆಂಟಕ್ಕೆ ಏರಿತು. ಎರಡು ದಿನಗಳಲ್ಲಿ ಅವನು ಎದ್ದು ಓಡಾಡಿದ. ಆದರೆ ಓಟ ಮಾತ್ರ ಈ ಸಲ ಕೂಡದೆಂದು ವೈದ್ಯರು ಕಟ್ಟುನಿಟ್ಟಾಗಿ ಹೇಳಿದರು. ಅವನು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ನಾನೂ ಓಡುವುದಿಲ್ಲವೆಂದೆ. “ಹಾಗೆ ಮಾಡಿದರೆ ನಾನು ನಿಮ್ಮ ಹತ್ತಿರ ಮಾತಾಡುವುದಿಲ್ಲ ಮಾವ” ಎಂದ, ಗೋಡೆಯ ಕಡೆಯಿಂದಲೇ.

ಉಳಿದ ದಿನಗಳನ್ನು ನಾವಿಬ್ಬರೂ ಮನೆಯ ಮಾಳಿಗೆಯ ಮೇಲೆ ಬಿಸಿಲು ಕಾಯಿಸುತ್ತ ಕಳೆದೆವು. ಮಾಳಿಗೆಯ ತುಂಬ ಜರದಾಳು ಹಣ್ಣು ಒಣಗುತ್ತಿತ್ತು; ಅವರ ಮಾತಿನಲ್ಲಿ ಅದು ಚುಲಿ. ಮನೆಯೊಡತಿಯನ್ನು ಎಲ್ಲರೂ ‘ಆಮಾ-ಲೇ’ ಎನ್ನುತ್ತಿದ್ದರು. ಆಮಾ ಎಂದರೆ ಅಮ್ಮ. ಲೇ ಎಂಬುದು ನಮ್ಮ ‘ಅವರು’ ಇದ್ದಂತೆ, ಗೌರವದ ಬಾಲ. ಆಕೆ ನನ್ನನ್ನು ‘ಆಚೋ-ಲೇ’ ಎಂದು, ಅಣ್ಣನವರೇ ಎಂದು ಕರೆಯುತ್ತಿದ್ದಳು. ನಮ್ಮ ಮಾತುಕತೆ ಇಬ್ಬರಿಗೂ ಸಮನಾಗಿ ಕುಂಟುವ ಹಿಂದಿಯಲ್ಲಿ. ಬೆಣ್ಣೆ ಉಪ್ಪು ಬೆರೆಸಿ ಕಡೆದ ಚಹಾವನ್ನು ಆಕೆ ಹೊತ್ತುಹೊತ್ತಿಗೆ ತಂದಿಡುವಳು. ಕಡೆಯುವ ಸದ್ದಿನಿಂದಲೇ ಅದಕ್ಕೆ ಗುರ್‌ಗುರ್ ಚಾ ಎಂಬ ಹೆಸರಂತೆ. ಚಹಾವೆಂದು ಕುಡಿದರೆ ಗಂಟಲಿಗಿಳಿಯದು. ಸಾರೆಂದು ಭಾವಿಸಿ ಕುಡಿದರೆ ಬಹಳ ಸೊಗಸು. ಅದರೊಂದಿಗೆ ಹುರಿದ ಜವೆಯ ಹಿಟ್ಟು. ನಮ್ಮ ಅಜ್ಜಿಯರು ದೂರದ ಪ್ರಯಾಣಕ್ಕೆ ಕಟ್ಟಿಕೊಡುತ್ತಿದ್ದ ಹುರಿಹಿಟ್ಟಿಗೂ ಇದಕ್ಕೂ ಒಂದೇ ಕುಲ.

ಆ ಬಿಡುವಿನಲ್ಲಿ ಸೋದರಳಿಯನಿಗೆ ಮೆಕ್ಸಿಕೋ ಪಂದ್ಯದ ಕಥೆ ಹೇಳಿದೆ. 1968ರ ಒಲಿಂಪಿಕ್ಸ್ ನಡೆದುದು 2,240 ಮೀಟರು ಎತ್ತರದ ಮೆಕ್ಸಿಕೋ ನಗರದಲ್ಲಿ. ಅಲ್ಲಿನ ವಿರಳವಾದ ಗಾಳಿಯಲ್ಲಿ ಅಮೆರಿಕದ ಬಾಬ್ ಬೀಮನ್ 8.90 ಮೀಟರು ಉದ್ದ ಜಿಗಿದು ಲೋಕವನ್ನು ದಂಗುಬಡಿಸಿದ. ಅದೇ ಗಾಳಿಯಲ್ಲಿ ಆಸ್ಟ್ರೇಲಿಯದ ರಾನ್ ಕ್ಲಾರ್ಕ್, ದೂರದ ಓಟಗಳಲ್ಲಿ ದಾಖಲೆಯ ಮೇಲೆ ದಾಖಲೆ ಮಾಡಿದ್ದವನು, ಹತ್ತು ಸಾವಿರ ಮೀಟರಿನ ಕೊನೆಯಲ್ಲಿ ಆರನೆಯವನಾಗಿ ಬಂದು ಪ್ರಜ್ಞೆತಪ್ಪಿ ಬಿದ್ದ. ಗೆದ್ದವನು ಕೀನ್ಯದ ನಫ್ತಾಲಿ ಟೆಮು. ಮ್ಯಾರಥಾನನ್ನು ಗೆದ್ದವನು ಇಥಿಯೋಪಿಯದ ಮಾಮೋ ವೋಲ್ಡೆ. ಇಬ್ಬರೂ ಎತ್ತರದ ನಾಡಿನ ಮಕ್ಕಳು. ಒಂದೆರಡು ಕ್ಷಣದ ಜಿಗಿತಕ್ಕೆ ತೆಳುಗಾಳಿ ರೆಕ್ಕೆಯಾಗುತ್ತದೆ, ಅರ್ಧಗಂಟೆಯ ಓಟಕ್ಕೆ ನೇಣಾಗುತ್ತದೆ. “ಹಾಗಾದರೆ ನಾನು ರಾನ್ ಕ್ಲಾರ್ಕನ ಜೊತೆಗಾರ” ಎಂದು ಹುಡುಗ ನಕ್ಕ. ಕಾಯಿಲೆ ಬಿದ್ದಮೇಲೆ ಅವನು ನಕ್ಕುದು ಅದೇ ಮೊದಲು.

ಎತ್ತರದಲ್ಲಿ ಹುಟ್ಟಿದವರ ಮೈಯೇ ಬೇರೆ ಎಂಬುದಕ್ಕೆ ಈಚೆಗೆ ವಿಜ್ಞಾನದ ಸಾಕ್ಷಿಯೂ ದೊರೆತಿದೆ. ತಿಬ್ಬತೀಯರಲ್ಲಿ ರಕ್ತಕಣಗಳ ಉತ್ಪತ್ತಿಯನ್ನು ಹತೋಟಿಯಲ್ಲಿಡುವ ಒಂದು ಜೀನ್ ವಿಶೇಷ ರೂಪದಲ್ಲಿದೆಯೆಂದು 2010ರಲ್ಲಿ ತಿಳಿಯಿತು. ಅದು ಎಂದೋ ಅಳಿದುಹೋದ ಡೆನಿಸೋವನ್ ಎಂಬ ಮಾನವಕುಲದಿಂದ ಬಂದ ಬಳುವಳಿಯೆಂದು 2014ರಲ್ಲಿ ತೋರಿಸಿದರು. ನಾವು ಎತ್ತರಕ್ಕೆ ಹೋದರೆ ರಕ್ತವನ್ನು ಗಟ್ಟಿಮಾಡಿಕೊಂಡು ಬದುಕುತ್ತೇವೆ. ಅವರಿಗೆ ಆ ಗೋಳಿಲ್ಲ. 2019ರ ಮುಂಬಯಿ ಮ್ಯಾರಥಾನಿನಲ್ಲಿ ಭಾರತೀಯ ಮಹಿಳೆಯರ ಪೈಕಿ ಮೂರನೆಯವರಾಗಿ ಬಂದ ಜಿಗ್ಮೆತ್ ದೋಲ್ಮಾ ಲಡಾಖಿನವರು. ಅವರಂಥವರಿಗೆ ಕಷ್ಟ ಕೊಡುವುದು ಕಡಲತೀರದ ಸೆಕೆಯೇ ಹೊರತು ಉಸಿರಲ್ಲ.

ಒಂದು ಸಂಜೆ ಆಮಾ-ಲೇ ತನ್ನ ಕಥೆ ಹೇಳಿದಳು. ಆಕೆಯ ಮೊದಲ ಮನೆ ಇದ್ದುದು ಲೇಹ್‌ನಿಂದ ಕೆಳಗೆ, ಸಿಂಧೂನದಿಯ ಬಳಿ, ಚೋಗ್ಲಂಸರ್ ಎಂಬಲ್ಲಿ. ಲೇಹ್‌ನಲ್ಲಿ ವರ್ಷವಿಡೀ ಬೀಳುವ ಮಳೆ ಹೆಚ್ಚೆಂದರೆ ನೂರು ಮಿಲಿಮೀಟರಿನಷ್ಟು. ವರ್ಷಕ್ಕೆ ಏಳು ಸಾವಿರಕ್ಕೂ ಮೇಲೆ ಸುರಿಸಿಕೊಳ್ಳುವ ನಮ್ಮ ಆಗುಂಬೆಯಲ್ಲಿ ಅದು ಒಂದು ದಿನದ ಮಾತು. ಮಳೆಯಿಲ್ಲದ ನಾಡಿನಲ್ಲಿ ಹಸಿ ಇಟ್ಟಿಗೆಯ ಗೋಡೆ, ಮಣ್ಣಿನ ಮಾಳಿಗೆ ಸಾಕು. ಚಳಿಗೆ ಬೆಚ್ಚಗೆ, ಬಿಸಿಲಿಗೆ ತಂಪು. 2010ರ ಆಗಸ್ಟ್ 5ರ ನಡುರಾತ್ರಿಯ ವೇಳೆಗೆ ಮೋಡವೊಡೆದು ಬೆಟ್ಟಗಳ ಒಣಹಳ್ಳಗಳೆಲ್ಲ ಒಮ್ಮೆಲೇ ಕೆಸರಾಗಿ, ಬಂಡೆಯಾಗಿ ಇಳಿದುಬಂದುವು. ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಚೋಗ್ಲಂಸರಿಗೆ ಬಿದ್ದ ಪೆಟ್ಟು ಬಲು ದೊಡ್ಡದು. ಆಮಾ-ಲೇಯ ತಂಗಿ ಆ ರಾತ್ರಿ ಹೋದಳು, ಮನೆ ಹೋಯಿತು. “ಗೋಡೆ ಕರಗಿತು ಆಚೋ-ಲೇ. ಬೀಳಲಿಲ್ಲ, ಸಕ್ಕರೆಯ ಹಾಗೆ ಕರಗಿತು” ಎಂದಳು. ಆಮೇಲೆ ಕೆಲವು ವರ್ಷ ಆಕೆ ಆ ಕಡೆ ಕಾಲಿಡಲಿಲ್ಲವಂತೆ. ಮಗ ದೊಡ್ಡವನಾಗಿ, ನಾನೂ ಓಡುತ್ತೇನೆ, ಚೋಗ್ಲಂಸರಿನ ಹತ್ತಿರ ನಿಂತು ನನಗೆ ನೀರು ಕೊಡಬೇಕು ಎಂದು ಹಟ ಹಿಡಿದ. ಹೋಗದೆ ಗತಿಯಿರಲಿಲ್ಲ. “ಆವತ್ತು ನಿಂತೆ. ಆಮೇಲೆ ಪ್ರತಿವರ್ಷ ನಿಲ್ಲುತ್ತೇನೆ. ನಿಮ್ಮ ಹುಡುಗನನ್ನೂ ಕರೆದುಕೊಂಡು ಹೋಗುತ್ತೇನೆ. ಮನೆಯಲ್ಲಿ ಕೂತರೆ ಅವನ ತಲೆಯೊಳಗೆ ಕೆಸರು ತುಂಬುತ್ತದೆ.”

ಓಟದ ದಿನ ಬೆಳಗಿನ ಆರೂವರೆಗೆ ನಾವು ಹೊರಟೆವು. ಚಳಿಗೆ ಬೆರಳು ಮರಗಟ್ಟಿದ್ದುವು. ನಾನು ಓಡಿದ ವರ್ಷದ ದಾರಿ ಲೇಹ್‌ನಿಂದ ಸಿಂಧೂ ಕಣಿವೆಗೆ ಇಳಿದು ಮತ್ತೆ ಲೇಹ್‌ಗೆ ಏರುವಂಥದು. ಇಳಿತ ಸುಮಾರು ಇನ್ನೂರೈವತ್ತು ಮೀಟರು, ಏರಿಕೆಯೂ ಅಷ್ಟೇ. ಮೊದಲು ಇಳಿಜಾರು, ಆಮೇಲೆ ಏರು! ಈ ಕ್ರಮಕ್ಕಿಂತ ಕಪಟವಾದುದು ಬೇರೊಂದಿಲ್ಲ. ಇಳಿಜಾರು ಹಳೆಯ ಕಾಲದ ಸಾಹುಕಾರನಂತೆ. ನಗುನಗುತ್ತ ಕೊಡುತ್ತದೆ, ಬಡ್ಡಿಯ ಮಾತನ್ನು ಆಗ ಎತ್ತುವುದಿಲ್ಲ. ನನ್ನ ಸುತ್ತಲಿನ ಬಯಲುಸೀಮೆಯ ಓಟಗಾರರು ಪುಟಿದು ಓಡಿದರು. ಸ್ಥಳದ ಶಾಲಾಮಕ್ಕಳೂ ಪುಟಿದರು; ಆದರೆ ಅವರದು ಮನೆಯ ಸಾಲ, ತೀರಿಸುವ ಯೋಗ್ಯತೆಯಿದೆ. ಮೂಗಿನಿಂದಲೇ ಉಸಿರಾಡುವಷ್ಟು ನಿಧಾನವಾಗಿ ಹೋಗುವುದೆಂದು ನಾನು ನಿಶ್ಚಯಿಸಿದ್ದೆ.

ನಿಧಾನದಿಂದ ಒಂದು ಲಾಭವಾಯಿತು: ನೋಡುವುದಕ್ಕೆ ಪುರಸತ್ತು ದೊರೆಯಿತು. ಲೇಹ್‌ನ ಅರಮನೆ, ಹದಿನೇಳನೆಯ ಶತಮಾನದ್ದು, ಒಂಬತ್ತು ಅಂತಸ್ತಿನದು, ಬೆನ್ನ ಹಿಂದೆ ಬೆಟ್ಟದ ಬಣ್ಣವನ್ನೇ ಹೊದ್ದು ನಿಂತಿತ್ತು. ಎದುರಿಗೆ ಕಣಿವೆಯ ಆಚೆ ಸ್ತೋಕ್ ಪರ್ವತಸಾಲು. 6,153 ಮೀಟರಿನ ಸ್ತೋಕ್ ಕಾಂಗ್ರಿಯ ಹಿಮಕ್ಕೆ ಮೊದಲ ಬಿಸಿಲು ತಾಗಿ ಅದು ಕುಂಕುಮದ ನೀರಿನಲ್ಲಿ ಅದ್ದಿದಂತಾಯಿತು. ಅದರ ಕೆಳಗೆ ಎಲ್ಲವೂ ಬೋಳು: ಕಂದು, ಬೂದಿ, ನಸುನೇರಿಳೆ. ನಮ್ಮ ಸಹ್ಯಾದ್ರಿಯ ಚೆಲುವು ಉಟ್ಟು ತೊಟ್ಟ ಚೆಲುವು. ಈ ಬೆಟ್ಟಗಳಿಗೆ ಎಲುಬೇ ಒಡವೆ. ಕಾಲುವೆಯ ನೀರು ಹರಿದಲ್ಲಿ ಮಾತ್ರ ಪಾಪ್ಲರ್ ಮರಗಳ ಸಾಲು, ಕೊಯ್ದು ಒಟ್ಟಿದ ಜವೆಯ ಮೆದೆ, ಹಸುರಿನ ಒಂದು ತುಣುಕು. ದಾರಿಬದಿಯಲ್ಲಿ ಬಿಳಿಯ ಚೋರ್ತೆನ್‌ಗಳು, ಬೌದ್ಧರ ಸ್ತೂಪಗಳು. ಅವನ್ನು ಬಲಕ್ಕೆ ಬಿಟ್ಟುಕೊಂಡು ಹೋಗುವುದು ಅಲ್ಲಿನ ಆಚಾರ, ನಮ್ಮ ಪ್ರದಕ್ಷಿಣೆಯಂತೆಯೇ. ಓಟದ ಭರದಲ್ಲಿಯೂ ಸ್ಥಳೀಯ ಹೆಂಗಸರಿಬ್ಬರು ಚೋರ್ತೆನ್ ಒಂದನ್ನು ಬಲಕ್ಕೆ ಬಿಡಲೆಂದು ಹತ್ತು ಹೆಜ್ಜೆ ಬಳಸಿ ಹೋದರು. ನಾನೂ ಅವರ ಹಿಂದೆ ಬಳಸಿದೆ.

ಚೋಗ್ಲಂಸರ್ ಹತ್ತಿರವಾದಂತೆ ಜನ ಹೆಚ್ಚಿದರು. ‘ಜುಲೇ, ಜುಲೇ’ ಎಂಬ ಅವರ ನಮಸ್ಕಾರ ದಾರಿಯುದ್ದಕ್ಕೂ. ಇಲ್ಲಿ ತಿಬ್ಬತೀ ನಿರಾಶ್ರಿತರ ನೆಲೆಯೂ ಇದೆ. ಹಣ್ಣು ಮುದುಕರೊಬ್ಬರು ನನ್ನ ಅಂಗಿಯ ಮೇಲಿನ ಬೆಂಗಳೂರು ಎಂಬ ಕನ್ನಡ ಅಕ್ಷರಗಳನ್ನು ನೋಡಿ, “ನಿಧಾನ ಹೋಗಿ ಸಾರ್, ಅರ್ಜೆಂಟ್ ಏನಿಲ್ಲ” ಎಂದರು. ಅಚ್ಚ ಮೈಸೂರು ಕಡೆಯ ಮಾತು! ನಿಂತು ಕೇಳಿದೆ. ಬೈಲಕುಪ್ಪೆಯಲ್ಲಿ ಇಪ್ಪತ್ತು ವರ್ಷ ಮುಸುಕಿನ ಜೋಳ ಬೆಳೆದವರಂತೆ. ಈಗ ಮಗಳ ಮನೆಯಲ್ಲಿದ್ದಾರೆ. 1960ರ ದಶಕದ ಆರಂಭದಲ್ಲಿ ಮೈಸೂರು ಸರ್ಕಾರ ತಿಬ್ಬತೀಯರಿಗೆ ಕೊಟ್ಟ ಆ ನೆಲದ ಮಾತು ನನ್ನನ್ನು ಸಿಂಧೂತೀರದಲ್ಲಿ ಮಾತಾಡಿಸಿದ್ದಕ್ಕೆ ಏನು ಹೇಳಬೇಕೋ ತೋಚಲಿಲ್ಲ. ಕೈಮುಗಿದು ಮುಂದೆ ಹೋದೆ.

ಅಲ್ಲಿಂದ ತುಸು ದೂರದಲ್ಲಿ ಆಮಾ-ಲೇ ನಿಂತಿದ್ದಳು. ಪಕ್ಕದಲ್ಲಿ, ಉಣ್ಣೆಯ ಟೋಪಿ ಕಿವಿಯವರೆಗೆ ಎಳೆದುಕೊಂಡು, ನೀರಿನ ಲೋಟಗಳ ತಟ್ಟೆ ಹಿಡಿದ ನನ್ನ ಸೋದರಳಿಯ. ಅವನ ಮುಂದೆ ಅವನ ವಯಸ್ಸಿನವರೆಲ್ಲ ಓಡಿಹೋಗಿದ್ದರು. ಅವರ ಕೈಗೆಲ್ಲ ಅವನು ನೀರು ಕೊಟ್ಟಿದ್ದ. ನನ್ನನ್ನು ಕಂಡು ತಟ್ಟೆಯನ್ನು ಕೆಳಗಿಟ್ಟು, ಬೆರಳಿನ ಯಂತ್ರ ತೆಗೆದು ನನ್ನ ಬೆರಳಿಗೆ ಸಿಕ್ಕಿಸಿದ. “ಎಂಬತ್ತೈದು. ಪರವಾಗಿಲ್ಲ. ತಲೆನೋವು ಬಂದರೆ ನಿಲ್ಲಿ ಮಾವ. ನಡೆಯಿರಿ. ಹೆಚ್ಚಾದರೆ ಗಾಡಿ ಹತ್ತಿ. ನನ್ನ ಮುಖ ನೋಡಿ ಹೇಳಿ, ಹತ್ತುತ್ತೀರಿ ತಾನೆ?” ಎಂದ. ಆಗಲೆಂದೆ. ಆಮಾ-ಲೇ ನನ್ನ ಜೇಬಿಗೆ ಎರಡು ಹಿಡಿ ಒಣ ಚುಲಿ ತುಂಬಿದಳು. ಆಕೆಯ ಬೆನ್ನ ಹಿಂದೆ, ಬೆಟ್ಟದಿಂದ ಇಳಿದು ಬಂದ ಒಣಹಳ್ಳದಲ್ಲಿ, ಎತ್ತಿನ ಗಾಡಿಯಷ್ಟು ದಪ್ಪದ ಬಂಡೆಗಳು ಬಿದ್ದಿದ್ದುವು.

ಸಾಹುಕಾರ ಬಡ್ಡಿ ಕೇಳಲು ಬಂದುದು ಹದಿನಾಲ್ಕನೆಯ ಕಿಲೋಮೀಟರಿನಲ್ಲಿ. ಬಿಸಿಲು ಚುರುಕಾಗಿತ್ತು, ದಾರಿ ಒಂದೇ ಸಮನೆ ಏರತೊಡಗಿತು. ಕಾಲಿನಲ್ಲಿ ಶಕ್ತಿಯಿದೆ, ಆದರೆ ಎದೆ ಅದಕ್ಕೆ ಅಪ್ಪಣೆ ಕೊಡುವುದಿಲ್ಲ. ಇದು ಬೆಂಗಳೂರಿನ ಆಯಾಸದಂಥದಲ್ಲ. ಅಲ್ಲಿ ಸ್ನಾಯು ಮೊದಲು ಸೋಲುತ್ತದೆ. ಇಲ್ಲಿ ಸ್ನಾಯು ಕುದುರೆಯಂತೆ ಕೆನೆಯುತ್ತಿರುವಾಗಲೇ ಸವಾರನಿಗೆ ಉಸಿರಿಲ್ಲ. ನೂರು ಹೆಜ್ಜೆ ಓಟ, ಐವತ್ತು ಹೆಜ್ಜೆ ನಡಿಗೆ ಎಂದು ಲೆಕ್ಕ ಹಾಕಿಕೊಂಡೆ. ಬೇಗನೆ ಅದು ಐವತ್ತು, ನೂರಕ್ಕೆ ತಿರುಗಿತು. ಮೊದಲ ಇಳಿಜಾರಿನಲ್ಲಿ ನನ್ನನ್ನು ಹಿಂದೆ ಹಾಕಿದ್ದವರು ಒಬ್ಬೊಬ್ಬರಾಗಿ ಸೊಂಟಕ್ಕೆ ಕೈಯೂರಿ ದಾರಿಬದಿಯಲ್ಲಿ ಕಾಣಿಸಿಕೊಂಡರು.

ಹದಿನೇಳನೆಯ ಕಿಲೋಮೀಟರಿನ ಹತ್ತಿರ ಎಡಗಣತಲೆಯಲ್ಲಿ ಒಂದು ನೋವು ಎದ್ದಿತು. ಸಣ್ಣದು. ಆದರೆ ಅಂಥದೊಂದು ಸಣ್ಣ ನೋವು ಎಲ್ಲಿಗೆ ಕರೆದೊಯ್ಯುತ್ತದೆಂಬುದನ್ನು ನಾನು ಒಂದು ರಾತ್ರಿಯಿಡೀ ಕೂತು ಕಂಡಿದ್ದೆ. ವೈದ್ಯರು ಹೇಳಿಕೊಟ್ಟ ಒಂದು ಪರೀಕ್ಷೆಯಿತ್ತು: ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸಿ ನೆಟ್ಟಗೆ ನಡೆಯಬೇಕು, ತೂರಾಡಿದರೆ ಮಿದುಳಿಗೆ ಬಾವು ಬಂದಿರಬಹುದು, ತಡಮಾಡದೆ ಇಳಿಯಬೇಕು. ರಸ್ತೆಯಂಚಿನ ಬಿಳಿಯ ಗೆರೆಯ ಮೇಲೆ, ಹಗ್ಗದ ಮೇಲಿನ ದೊಂಬರವನಂತೆ, ಇಪ್ಪತ್ತು ಹೆಜ್ಜೆ ನಡೆದೆ. ಹಾದುಹೋಗುತ್ತಿದ್ದ ಹುಡುಗಿಯರಿಬ್ಬರು ಕಿಸಕ್ಕನೆ ನಕ್ಕರು. ತೂರಾಡಲಿಲ್ಲ. ಆದರೂ ಓಟ ನಿಲ್ಲಿಸಿ ಒಂದು ಚೋರ್ತೆನ್ನಿನ ನೆರಳಿಗೆ ಹೋಗಿ ಕೂತೆ. ನೀರು ಕುಡಿದೆ, ಎರಡು ಚುಲಿ ಅಗಿದೆ. ರೋಗಿಗಳ ಗಾಡಿ ಹತ್ತು ಮಾರು ದೂರದಲ್ಲಿ ಬಾಗಿಲು ತೆರೆದು ನಿಂತಿತ್ತು. ಅದರ ಚಾಲಕ ನನ್ನನ್ನೇ ನೋಡುತ್ತಿದ್ದ. ಮೂರು ಸಾವಿರ ಕಿಲೋಮೀಟರು ಪ್ರಯಾಣ ಮಾಡಿ ಬಂದವನಿಗೆ ಉಳಿದುದು ನಾಲ್ಕು. ಹತ್ತು ನಿಮಿಷ ಕಾಯುವುದು. ನೋವು ಒಂದು ಕೂದಲೆಳೆಯಷ್ಟು ಹೆಚ್ಚಿದರೂ ಗಾಡಿ ಹತ್ತುವುದು. ಗಡಿಯಾರ ನೋಡುತ್ತ ಕೂತೆ. ಪಂದ್ಯದಲ್ಲಿ ಓಡುವವನು ಗಡಿಯಾರವನ್ನು ಹಾಗೆ ನೋಡುವುದು ಅಪರೂಪ.

ಹನ್ನೊಂದನೆಯ ನಿಮಿಷಕ್ಕೆ ನೋವು ಹೆಚ್ಚಿರಲಿಲ್ಲ, ಕಡಿಮೆಯಾಗಿತ್ತು. ಎದ್ದು ನಡೆದೆ. ಉಳಿದ ನಾಲ್ಕು ಕಿಲೋಮೀಟರಿನಲ್ಲಿ ಓಡಿದುದು ಕಡಿಮೆ, ನಡೆದುದೇ ಹೆಚ್ಚು. ಲೇಹ್‌ನ ಮನೆಗಳು ಕಾಣಿಸಿದಾಗ ಬಾಗಿಲುಗಳಲ್ಲಿ ಮುದುಕಿಯರು ಮಣಿಚಕ್ರ ತಿರುಗಿಸುತ್ತ ಕೂತಿದ್ದರು. ಕೊನೆಯ ನೂರು ಮೀಟರು ಓಡಿದೆ. ಒಟ್ಟು ಮೂರು ಗಂಟೆ ಎರಡು ನಿಮಿಷ. ಕೊರಳಿಗೊಂದು ಪದಕ ಹಾಕಿದರು.

ಸೋದರಳಿಯ ಪದಕವನ್ನು ತಿರುಗಿಸಿ ನೋಡಿದನೇ ಹೊರತು ಅದರ ವಿಷಯ ಮಾತಾಡಲಿಲ್ಲ. “ಹನ್ನೊಂದು ನಿಮಿಷ ಕೂತಿರಾ?” ಎಂದು ಎರಡು ಸಲ ಕೇಳಿದ. ಮಾರನೆಯ ದಿನ ಬೆಳಗ್ಗೆ ನಾನು ಕಣ್ಣು ಬಿಟ್ಟಾಗ ಅವನು ಬೂಟಿನ ದಾರ ಕಟ್ಟುತ್ತಿದ್ದ. ಆಮಾ-ಲೇ ಬಾಗಿಲಿಗೆ ಅಡ್ಡ ನಿಂತಿದ್ದಳು. ವೈದ್ಯರು ನಡೆಯಲು ಒಪ್ಪಿದ್ದಾರೆಂದು ಅವನು ವಾದಿಸಿದ. ಬಹಳ ಹೊತ್ತಿನ ಚೌಕಾಸಿಯ ಮೇಲೆ ಆಕೆ ದಾರಿ ಬಿಟ್ಟಳು. “ಆ ಪಾಪ್ಲರ್ ಸಾಲಿನವರೆಗೆ. ನಡೆದು. ನಾನು ಇಲ್ಲೇ ನಿಂತು ನೋಡುತ್ತಿರುತ್ತೇನೆ.” ಅವನು ತೋಟದ ಗೋಡೆಯ ಪಕ್ಕದಲ್ಲಿ ನಡೆದುಹೋಗಿ, ಕೊನೆಯ ಮರವನ್ನು ಕೈಯಿಂದ ಮುಟ್ಟಿ, ಹಾಗೆಯೇ ನಡೆದು ಬಂದ. ಒಳಗೆ ಚಹಾ ಕಡೆಯುವ ಸದ್ದು ಆಗಲೇ ಆರಂಭವಾಗಿತ್ತು.